ಹೊರೆ ಇಳಿದ ಮೇಲೆ

ಸಂಡೇ ಸ್ಕೂಲಿನಲ್ಲಿ ನಾನು ಪಾಠ ಹೇಳತೊಡಗಿ ಬಹಳ ವರ್ಷಗಳಾದವು. ‘ವಿಶ್ರಾಂತಿ ಅಂದರೆ ಏನು?’ ಎಂದು ಕೇಳಿದರೆ ಮಕ್ಕಳು ‘ನಿದ್ದೆ’, ‘ರಜೆ’, ‘ಹೋಮ್‌ವರ್ಕ್ ಇಲ್ಲದಿರುವುದು’ ಎಂದು ಕೂಗುತ್ತಾರೆ. ‘ವಿಮೋಚನೆ ಅಂದರೆ?’ ಎಂದರೆ ಮಾತ್ರ ಎಲ್ಲರೂ ಗಪ್‌ಚಿಪ್! ಬೈಬಲಿನಲ್ಲಿ ಮತ್ತೆ ಮತ್ತೆ ಬರುವ ಈ ಎರಡು ಮಾತುಗಳನ್ನು ತಿಳಿಸಲು ನಾನು ಒಬ್ಬ ನಾವಿಕನ ಕಥೆ ಹೇಳುತ್ತೇನೆ. ಅವನ ಹೆಸರು ಜಾನ್ ನ್ಯೂಟನ್. ಸೇಬು ಬಿದ್ದದ್ದನ್ನು ಕಂಡು ಯೋಚಿಸಿದ ವಿಜ್ಞಾನಿ ಐಸಾಕ್ ನ್ಯೂಟನ್ ಅಲ್ಲ, ಇವನು ಬೇರೆ.

ಜಾನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನಲ್ಲಿ. ತಾಯಿ ಅವನಿಗೆ ಚಿಕ್ಕಂದಿನಲ್ಲೇ ಬೈಬಲ್ ವಚನಗಳನ್ನೂ ಕೀರ್ತನೆಗಳನ್ನೂ ಬಾಯಿಪಾಠ ಮಾಡಿಸಿದ್ದಳು. ಮಗನಿಗೆ ಏಳು ತುಂಬುವ ಮೊದಲೇ ಆಕೆ ತೀರಿಕೊಂಡಳು. ತಂದೆ ಹಡಗಿನ ಕಪ್ತಾನ. ಹುಡುಗ ಹನ್ನೊಂದನೆಯ ವಯಸ್ಸಿಗೇ ತಂದೆಯ ಜೊತೆ ಕಡಲಿಗಿಳಿದ. ಬೆಳೆಯುತ್ತಾ ತಾಯಿ ಕಲಿಸಿದ್ದನ್ನೆಲ್ಲ ಮರೆತ. ದೇವರನ್ನು ಹಳಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎನ್ನುವಂತಾಯಿತು. ಆಫ್ರಿಕದ ಜನರನ್ನು ಗುಲಾಮರನ್ನಾಗಿ ಮಾರುವ ಕ್ರೂರ ವ್ಯಾಪಾರಕ್ಕೂ ಕೈ ಹಾಕಿದ.

1748ರ ಮಾರ್ಚ್ ತಿಂಗಳು. ಊರಿಗೆ ಮರಳುತ್ತಿದ್ದಾಗ ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿ ಎದ್ದಿತು. ಹಡಗು ಒಡೆದು ನೀರು ಒಳನುಗ್ಗಿತು. ನ್ಯೂಟನ್ ನಸುಕಿನ 3 ಗಂಟೆಯಿಂದ ಮಧ್ಯಾಹ್ನದ ತನಕ ಪಂಪು ಒತ್ತಿ ನೀರು ಹೊರಹಾಕಿದ. ಆ ಹೊತ್ತಿನಲ್ಲಿ, ಎಷ್ಟೋ ವರ್ಷಗಳಿಂದ ಬೇಡದ ದೇವರ ಕರುಣೆಯ ಮಾತು ಅವನ ಬಾಯಿಗೆ ಬಂತು. ಮುರುಕು ಹಡಗು ಹೇಗೋ ಐರ್ಲೆಂಡಿನ ದಡ ಸೇರಿತು. ಆ ದಿನವನ್ನು ಅವನು ಸಾಯುವವರೆಗೂ ವರ್ಷವರ್ಷವೂ ನೆನೆಯುತ್ತಿದ್ದ.

ಅಲ್ಲಿಗೇ ಅವನು ಒಳ್ಳೆಯವನಾಗಿಬಿಟ್ಟ ಎಂದುಕೊಳ್ಳಬೇಡಿ. ಅದಾದ ಮೇಲೂ ಗುಲಾಮರ ಹಡಗುಗಳಿಗೆ ಕಪ್ತಾನನಾದ. ಮೇಲ್ಗಡೆ ನಾವಿಕರಿಗೆ ಪ್ರಾರ್ಥನೆ ನಡೆಸುತ್ತಿದ್ದ, ಕೆಳಗಡೆ ಮನುಷ್ಯರು ಸರಪಳಿಯಲ್ಲಿ ನರಳುತ್ತಿದ್ದರು. 1754ರಲ್ಲಿ ಕಾಯಿಲೆ ಬಿದ್ದ ಮೇಲೆ ಕಡಲ ಯಾನ ನಿಂತಿತು. ಮುಂದೆ 1764ರಲ್ಲಿ ಇಂಗ್ಲೆಂಡಿನ ಓಲ್ನಿ ಎಂಬ ಸಣ್ಣ ಊರಿನ ಚರ್ಚಿಗೆ ಪಾದ್ರಿಯಾದ. 1773ರ ಹೊಸ ವರ್ಷದ ಆರಾಧನೆಗೆಂದು ಒಂದು ಕೀರ್ತನೆ ಬರೆದ. ಜಗತ್ತೆಲ್ಲ ಇಂದಿಗೂ ಹಾಡುವ ‘ಅಮೇಜಿಂಗ್ ಗ್ರೇಸ್’ ಅದೇ.

ಒಂದು ಭಾನುವಾರ ಕಥೆ ಇಲ್ಲಿಗೆ ಬಂದಾಗ, ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರ್, ಅಷ್ಟು ಜನರನ್ನು ಮಾರಿದವನನ್ನು ದೇವರು ಕ್ಷಮಿಸಿಬಿಟ್ಟರೆ, ಆ ಪಾಪದವರ ಗತಿ ಏನು? ಇದು ನ್ಯಾಯವಾ?”

ಆ ಪ್ರಶ್ನೆಗೆ ನಾನು ಅವಸರದಿಂದ ಉತ್ತರ ಕೊಡಲಿಲ್ಲ. ಮೊದಲು ‘ವಿಮೋಚನೆ’ಯ ಅರ್ಥ ಹೇಳಿದೆ. ಹಿಂದಿನ ಕಾಲದಲ್ಲಿ ಗುಲಾಮನನ್ನೋ ಸೆರೆಯಾಳನ್ನೋ ಈಡು ಕೊಟ್ಟು ಬಿಡಿಸುವುದಕ್ಕೆ ಆ ಮಾತು ಸಲ್ಲುತ್ತಿತ್ತು. ಯೇಸುಸ್ವಾಮಿ ಶಿಲುಬೆಯ ಮೇಲೆ ತಮ್ಮ ಪ್ರಾಣವನ್ನೇ ಈಡಾಗಿ ಕೊಟ್ಟರು ಎಂಬುದು ನಮ್ಮ ನಂಬಿಕೆ. ಅದನ್ನು ಯಾರೂ ದುಡಿದು ಗಳಿಸಲಾರರು, ಕೈಯೊಡ್ಡಿ ತೆಗೆದುಕೊಳ್ಳಬೇಕು. ಮನುಷ್ಯರನ್ನು ಕೊಂಡು ಮಾರುತ್ತಿದ್ದವನಿಗೆ ಆ ಮಾತಿನ ತೂಕ ಎಷ್ಟಿರಬೇಕು, ಯೋಚಿಸಿ!

ಆದರೆ ಕ್ಷಮೆ ಸಿಕ್ಕಿತೆಂದು ನ್ಯೂಟನ್ ಸುಮ್ಮನೆ ಕೂರಲಿಲ್ಲ. ತಡವಾಗಿಯಾದರೂ 1788ರಲ್ಲಿ ಪುಸ್ತಕ ಬರೆದು, ಆ ಹಡಗುಗಳಲ್ಲಿ ಕಣ್ಣಾರೆ ಕಂಡದ್ದನ್ನೂ ತಾನೇ ಮಾಡಿದ್ದನ್ನೂ ನಾಡಿನ ಮುಂದೆ ಇಟ್ಟ. ಅಧಿಕಾರಿಗಳೆದುರು ಸಾಕ್ಷಿ ಹೇಳಿದ. ಗುಲಾಮರ ವ್ಯಾಪಾರ ನಿಲ್ಲಿಸಲು ಪಾರ್ಲಿಮೆಂಟಿನಲ್ಲಿ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ಧೈರ್ಯ ತುಂಬಿದ. 1807ರ ಮಾರ್ಚಿನಲ್ಲಿ ಆ ವ್ಯಾಪಾರವನ್ನು ನಿಷೇಧಿಸುವ ಕಾನೂನು ಬಂತು. ಅದೇ ವರ್ಷ ಡಿಸೆಂಬರಿನಲ್ಲಿ, 82ನೇ ವಯಸ್ಸಿನಲ್ಲಿ ನ್ಯೂಟನ್ ಕಣ್ಣು ಮುಚ್ಚಿದ.

“ಅವನು ಮಾರಿದ ಜನರಿಗೆ ಆದ ಅನ್ಯಾಯ ಇದರಿಂದ ಅಳಿಸಿಹೋಗಲಿಲ್ಲ ಮಗಳೇ” ಎಂದೆ. “ಅವರ ಕಣ್ಣೀರಿನ ಲೆಕ್ಕವೂ ದೇವರ ಹತ್ತಿರ ಇದೆ. ಕ್ಷಮೆ ಸಿಕ್ಕಿದವನು ಆ ಲೆಕ್ಕವನ್ನು ಮುಚ್ಚಿಡುವುದಿಲ್ಲ, ತೆರೆದಿಡುತ್ತಾನೆ.” ಅವಳು ತಲೆಯಾಡಿಸಿದಳು. ಪೂರ್ತಿ ಒಪ್ಪಿದಳೋ ಇಲ್ಲವೋ, ಅವಳನ್ನೇ ಕೇಳಬೇಕು!

ಇನ್ನು ವಿಶ್ರಾಂತಿಯ ಮಾತು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಎಷ್ಟೋ ತಿಂಗಳು ನನಗೆ ನಿದ್ದೆ ಹತ್ತಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯಿಂದ ನಿದ್ದೆಯೇನೋ ಬಂತು, ಎದೆಯ ಭಾರ ಇಳಿಯಲಿಲ್ಲ. ಆಗ ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯ ತೆರೆದು ಓದುತ್ತಿದ್ದೆ. ಹೊರೆ ಹೊತ್ತು ಬಳಲಿದವರನ್ನು ಯೇಸುಸ್ವಾಮಿ ಹತ್ತಿರ ಕರೆದು ವಿಶ್ರಾಂತಿ ಕೊಡುವೆನೆನ್ನುತ್ತಾರೆ. ಅದರ ಬೆನ್ನಿಗೇ ತಮ್ಮ ನೊಗಕ್ಕೆ ಹೆಗಲು ಕೊಡಲೂ ಹೇಳುತ್ತಾರೆ. ವಿಶ್ರಾಂತಿಯ ಜೊತೆ ನೊಗ ಯಾಕೆ?

ನಾನು ಬೇಸಾಯಗಾರರ ಮನೆಯ ಮಗಳು. ನೊಗಕ್ಕೆ ಎರಡು ಎತ್ತು ಬೇಕೆಂದು ನನಗೆ ಗೊತ್ತು. ಎಳೆಯ ಹೋರಿಯನ್ನು ಪಳಗಿದ ಎತ್ತಿನ ಜೊತೆಗೇ ಕಟ್ಟುತ್ತಿದ್ದರು, ಭಾರವೆಲ್ಲ ಒಂದರ ಮೇಲೇ ಬೀಳಬಾರದೆಂದು. ಅಂದರೆ ನನ್ನ ದುಃಖವನ್ನು ನಾನೊಬ್ಬಳೇ ಎಳೆಯಬೇಕಾಗಿಲ್ಲ! ಅದು ಮನಸ್ಸಿಗೆ ಇಳಿಯಲು ದಿನ ಹಿಡಿಯಿತು. ರಾತ್ರಿ ಮಲಗುವಾಗ ‘ಕರ್ತನೇ, ಇವತ್ತಿನದು ನಿನ್ನ ಕೈಗೆ’ ಎನ್ನುವುದನ್ನು ಅಭ್ಯಾಸ ಮಾಡಿಕೊಂಡೆ. ನಿಧಾನವಾಗಿ ಎದೆ ಹಗುರಾಯಿತು, ನಿದ್ದೆಯೂ ಬಂತು. ಯಜಮಾನರ ನೆನಪು ಹೋಗಲಿಲ್ಲ, ಹೋಗುವುದೂ ಬೇಡ.

ಮಕ್ಕಳೇ, ಮನಸ್ಸಿನಲ್ಲಿ ಏನಾದರೂ ಭಾರವಿದ್ದರೆ ಬಚ್ಚಿಡಬೇಡಿ. ದೇವರಿಗೂ ಹೇಳಿ, ನಿಮ್ಮ ಅಜ್ಜ ಅಜ್ಜಿಗೂ ಹೇಳಿ. ಅಜ್ಜ ಅಜ್ಜಿಯರೇ, ನೀವು ಇಂದು ಕಲಿಸಿದ ಪ್ರಾರ್ಥನೆಯನ್ನು ಮೊಮ್ಮಕ್ಕಳು ನಾಳೆಯೇ ಮರೆತರೆ ಬೇಸರಪಡಬೇಡಿ. ಆರು ವರ್ಷದ ಹುಡುಗನಿಗೆ ತಾಯಿ ಕಲಿಸಿದ್ದು ನಡುಗಡಲಿನಲ್ಲಿ ಬಾಯಿಗೆ ಬಂದದ್ದು ಅವನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ.