ಮುಪ್ಪಿನ ಹಾಡುಗಾರಿಕೆ

ನಮ್ಮ ವಾಸ ಪಟ್ಟಂದೂರು ಅಗ್ರಹಾರದಲ್ಲಿ. ಹೆಸರನ್ನು ಕೇಳಿದವರು ವೇದಘೋಷವನ್ನೂ ತುಳಸಿಕಟ್ಟೆಗಳ ಸಾಲನ್ನೂ ಊಹಿಸಿಕೊಂಡಾರು. ಈಗ ಇಲ್ಲಿ ಕಾಣುವುದು ಗಾಜಿನ ಸೌಧಗಳ ಸಾಲು. ಅವುಗಳೊಳಗೆ ಗಣಕಯಂತ್ರಗಳ ಮುಂದೆ ಕುಳಿತು ಹಗಲಿರುಳೆನ್ನದೆ ದುಡಿಯುವ ತರುಣರು. ನಮ್ಮ ಮಗನೂ ಅವರಲ್ಲೊಬ್ಬನು. ಅವನಿಗೆ ಗಿಟಾರ್ ನುಡಿಸುವ ಹವ್ಯಾಸವುಂಟು. ಆದಿತ್ಯವಾರದ ಬೆಳಿಗ್ಗೆ ನಾವು ಸಂಧ್ಯಾವಂದನೆಯನ್ನು ಮುಗಿಸಿ ಕಾಫಿಗೆ ಕುಳಿತುಕೊಳ್ಳುವ ವೇಳೆಗೆ ಮಹಡಿಯಿಂದ ರಾಕ್ ಸಂಗೀತವು ಇಳಿದುಬರುತ್ತದೆ. ಇಳಿದುಬರುತ್ತದೆ ಎಂದದ್ದು ಮರ್ಯಾದೆಗಾಗಿ. ಉರುಳಿಬರುತ್ತದೆ ಎಂದರೆ ಯಥಾರ್ಥವಾದೀತು.

ಕೆಲವು ತಿಂಗಳ ಹಿಂದೆ ಅವನು ಕೆಳಗಿಳಿದು ಬಂದು, "ಅಪ್ಪ, ಈಗ ಹಾಡುತ್ತಿದ್ದವನ ವಯಸ್ಸು ಎಷ್ಟಿರಬಹುದು, ಹೇಳಿ" ಎಂದನು. ಇಪ್ಪತ್ತೈದು ಇರಬಹುದೆಂದೆವು. "ಈ ಹಾಡು ಹೊರಬಂದಾಗ ಅವನಿಗೆ ಎಂಬತ್ತು" ಎಂದು ನಕ್ಕನು. ನಮ್ಮ ಮನೆಯವರು ಅಡಿಗೆಮನೆಯಿಂದಲೇ, "ಎಂಬತ್ತು ವರ್ಷದ ಮುದುಕನಿಗೆ ಇಷ್ಟು ಕೂಗಾಡುವ ಶಕ್ತಿಯಿದ್ದರೆ ಅವನು ತಿನ್ನುವುದೇನೆಂದು ಕೇಳಿಕೊಂಡು ಬಾ" ಎಂದರು. ಅರುವತ್ತಕ್ಕೇ ಎಲ್ಲವೂ ಮುಗಿಯಿತೆಂದು ಕೈಕಟ್ಟಿ ಕುಳಿತಿದ್ದ ನಮಗೆ ಆ ಮಾತು ಸ್ವಲ್ಪ ತಗುಲಿತು.

ಮಗನಿಂದ ವಿಚಾರಿಸಿ ತಿಳಿದುಕೊಂಡದ್ದು ಇಷ್ಟು. ರೋಲಿಂಗ್ ಸ್ಟೋನ್ಸ್ ಎಂಬುದು 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮೇಳ. ಅದರ ಮುಖ್ಯಸ್ಥರಾದ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಇಬ್ಬರೂ 1943ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಪರಿಚಯವಿದ್ದು ದೂರವಾಗಿದ್ದವರು 1961ರಲ್ಲಿ ಡಾರ್ಟ್‌ಫರ್ಡ್ ಎಂಬ ಊರಿನ ರೈಲು ನಿಲ್ದಾಣದಲ್ಲಿ ಅಕಸ್ಮಾತ್ತಾಗಿ ಎದುರಾದರಂತೆ. ಜಾಗರನ ಕಂಕುಳಲ್ಲಿ ಅಮೆರಿಕದ ನೀಗ್ರೋ ಗಾಯಕರ ಗ್ರಾಮಫೋನು ತಟ್ಟೆಗಳಿದ್ದುವು; ಅವುಗಳಲ್ಲಿ ಮಡ್ಡಿ ವಾಟರ್ಸ್ ಎಂಬುವನದೂ ಒಂದು. ಆ ತಟ್ಟೆಗಳೇ ಇಬ್ಬರ ಗೆಳೆತನಕ್ಕೆ ಮೂಲವಾದುವು. 2003ರಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಹಾಡಿದ್ದರು. 2005ರ ತರುವಾಯ ಹದಿನೆಂಟು ವರ್ಷ ಅವರಿಂದ ಸ್ವಂತ ಹಾಡುಗಳ ಹೊಸ ಆಲ್ಬಮ್ ಬರಲಿಲ್ಲ. ಇನ್ನು ಹಳೆಯದನ್ನೇ ತಿರುಗಿಸಿ ಹಾಡಿ ಹಣ ಮಾಡುವರೆಂದು ಲೋಕವು ನಂಬಿರಲಾಗಿ, 2023ರ ಅಕ್ಟೋಬರಿನಲ್ಲಿ 'ಹ್ಯಾಕ್ನಿ ಡೈಮಂಡ್ಸ್' ಎಂಬುದನ್ನು ಹೊರತಂದರು. 2025ರಲ್ಲಿ ಅದಕ್ಕೆ ಗ್ರ್ಯಾಮಿ ಪಾರಿತೋಷಕವೂ ದೊರೆಯಿತು.

ಮಗನು ಒತ್ತಾಯಿಸಿದ್ದರಿಂದ ಆ ಹಾಡುಗಳನ್ನು ಆದ್ಯಂತವಾಗಿ ಕೇಳಿದೆವು. ನಮಗೆ ಆ ಶಾಸ್ತ್ರ ತಿಳಿಯದು; ಆದರೂ ಕಿವಿಯುಳ್ಳವರಿಗೆ ಅಭಿಪ್ರಾಯವನ್ನು ಹೇಳುವ ಹಕ್ಕು ಉಂಟಷ್ಟೆ. ಕೆಲವು ಹಾಡುಗಳು ತಲೆಗೂದಲಿಗೆ ಬಣ್ಣ ಬಳಿದುಕೊಂಡು ಮದುವೆಮನೆಗೆ ಬಂದ ವೃದ್ಧರಂತೆ ತೋರಿದುವು. ಕೊಟ್ಟಕೊನೆಯದು ಹಾಗಲ್ಲ. ಅದರಲ್ಲಿ ಮೇಳವಿಲ್ಲ, ಅಬ್ಬರವಿಲ್ಲ. ಎಂಬತ್ತನ್ನು ಮುಟ್ಟಿದ ಇಬ್ಬರೇ ಕುಳಿತು, ಯಾವ ಹಾಡಿನಿಂದ ತಮ್ಮ ಮೇಳಕ್ಕೆ ಹೆಸರು ಬಂದಿತೋ ಆ ಮಡ್ಡಿ ವಾಟರ್ಸನ ಹಾಡನ್ನೇ ಹಾಡುತ್ತಾರೆ. ಕಂಠದಲ್ಲಿ ಬಿರುಕಿದೆ; ಅದನ್ನು ಮುಚ್ಚುವ ಪ್ರಯತ್ನವಿಲ್ಲ. ಕಾಫಿ ಆರಿಹೋದದ್ದು ನಮಗೆ ತಿಳಿಯಲಿಲ್ಲ.

ಆ ರಾತ್ರಿ ಮಲ್ಲಿಕಾರ್ಜುನ ಮನಸೂರರ ನೆನಪು ಬಂದಿತು. ನಾವು ಸಂಸ್ಕೃತವನ್ನು ಕಲಿಯುತ್ತಿದ್ದ ದಿನಗಳಲ್ಲಿ ಶನಿವಾರದ ರಾತ್ರಿ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ಕೇಳುವ ಅಭ್ಯಾಸವಿಟ್ಟುಕೊಂಡಿದ್ದೆವು. ಅವರ ಪರಿಚಯವಾದದ್ದು ಅಲ್ಲಿಯೇ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿ, ನಾಟಕದ ಮೇಳದಲ್ಲಿ ಬಾಲನಟರಾಗಿ ಹಾಡಿ, ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನೂ, ಆಮೇಲೆ ಮಂಜೀಖಾನ್ ಮತ್ತು ಬುರ್ಜೀಖಾನ್ ಸೋದರರಲ್ಲಿ ಜಯಪುರ-ಅತ್ರೌಲಿ ಪದ್ಧತಿಯನ್ನೂ ಕಲಿತವರು. 1930ರ ದಶಕದಲ್ಲಿಯೇ ಅವರ ಗ್ರಾಮಫೋನು ತಟ್ಟೆಗಳು ಹೊರಬಂದಿದ್ದುವು. ಆದರೆ ದೇಶಕ್ಕೆ ದೇಶವೇ ಅವರತ್ತ ತಿರುಗಿ ನೋಡಿದ್ದು ಅರುವತ್ತರ ಅಂಚಿನಲ್ಲಿ: 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, ತೀರಿಕೊಂಡ 1992ರಲ್ಲಿ ಪದ್ಮವಿಭೂಷಣ. ಇದರಲ್ಲಿ ಯಂತ್ರದ ಪಾಲೂ ಇದೆ ಎಂಬುದನ್ನು ಮರೆಯಬಾರದು. ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ. ಅಷ್ಟರಲ್ಲಿ ರಾಗವೊಂದನ್ನು ತೋರಿಸುವುದೆಂದರೆ ಸಮುದ್ರವನ್ನು ಉದ್ಧರಣೆಯಲ್ಲಿ ಮೊಗೆದಂತೆ. ದೀರ್ಘ ಮುದ್ರಿಕೆಗಳು ಬಂದು, ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷ ದೊರೆತ ಕಾಲಕ್ಕೆ ಮನಸೂರರ ಕಂಠವೂ ಮಾಗಿತ್ತು. ಶಿವಮತಭೈರವ, ಖಟ್ ಮೊದಲಾದ ಅಪೂರ್ವ ರಾಗಗಳನ್ನು ಅವರು ಹಾಡುವಾಗ ಆರಂಭದಲ್ಲಿ ತಡವರಿಕೆಯಿಲ್ಲ, ನಡುವೆ ವಿಶ್ರಾಂತಿಯಿಲ್ಲ. ಮಾತು ಕಡಿಮೆಯಾದ ಹಿರಿಯರು ನೇರವಾಗಿ ವಿಷಯಕ್ಕೆ ಬಂದಂತೆ ರಾಗಕ್ಕೆ ಬರುತ್ತಾರೆ.

ಕಾವ್ಯವನ್ನು ಪಾಕದಿಂದ ಅಳೆಯುವ ಪದ್ಧತಿಯು ನಮ್ಮ ಆಲಂಕಾರಿಕರಲ್ಲಿ ಉಂಟು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಒಂಬತ್ತು ಪಾಕಗಳನ್ನು ಹೇಳಿದ್ದಾನೆ. ಮೊದಲೂ ಕೊನೆಯೂ ರುಚಿಯಿಲ್ಲದ್ದು ಬೇವಿನ ಪಾಕ. ಮೊದಲು ಸವಿಯಾಗಿ ಕೊನೆಗೆ ಕೆಡುವುದು ಅಡಕೆಯ ಪಾಕ. ಮೊದಲು ಸಾಧಾರಣವಾಗಿದ್ದು ಕೊನೆಗೆ ಸವಿಯಾಗುವುದು ಮಾವಿನ ಪಾಕ. ಮೊದಲು ಸಾಧಾರಣವಾಗಿದ್ದು ಕೊನೆಗೆ ಕೆಡುವುದು ಬದನೆಕಾಯಿಯ ಪಾಕ. ಎರಡೂ ಕಡೆ ಸವಿಯಾಗಿರುವುದು ತೆಂಗಿನಕಾಯಿಯದು. ಅವನು ಹೇಳಿದ್ದು ಒಂದು ಕೃತಿಯ ವಿಷಯವನ್ನು. ನಾವು ಸಲಿಗೆಯಿಂದ ಅದನ್ನು ಮನುಷ್ಯರ ಆಯುಷ್ಯಕ್ಕೆ ಹಚ್ಚುತ್ತೇವೆ. ಮೂವತ್ತೈದು ವರ್ಷ ಪಾಠ ಹೇಳಿದ ನಮ್ಮದು ಯಾವ ಪಾಕವೆಂದು ಆ ರಾತ್ರಿ ಯೋಚಿಸಿದಾಗ ಪದೇ ಪದೇ ಬದನೆಕಾಯಿಯೇ ಕಣ್ಣಮುಂದೆ ಬಂದಿತು. ಕಾರಣವಿತ್ತು.

ಒಬ್ಬನೇ ಹಾಡುವವನ ಮುಪ್ಪು ಒಂದು ಬಗೆ. ಜೊತೆಯಲ್ಲಿ ಹಾಡುವವರ ಮುಪ್ಪು ಇನ್ನೊಂದು ಬಗೆ. ಒಬ್ಬನೇ ಆದರೆ ಶ್ರುತಿಯನ್ನು ಇಳಿಸಿಕೊಂಡು ಹಾಡಿಯಾನು. ಜೊತೆಗಾರರು ಎಲ್ಲರೂ ಒಂದೇ ದಿನ ಮುದುಕರಾಗುವುದಿಲ್ಲ. ರೋಲಿಂಗ್ ಸ್ಟೋನ್ಸ್ ಮೇಳದಲ್ಲಿ ಸುಮಾರು ಅರುವತ್ತು ವರ್ಷ ಡ್ರಮ್ ಬಾರಿಸಿದ ಚಾರ್ಲಿ ವಾಟ್ಸ್ 2021ರ ಆಗಸ್ಟಿನಲ್ಲಿ ತೀರಿಕೊಂಡನು. ಅವನು ಮೊದಲೇ ಬಾರಿಸಿಟ್ಟಿದ್ದ ಎರಡು ಹಾಡುಗಳನ್ನು ಹೊಸ ಆಲ್ಬಮಿನಲ್ಲಿ ಸೇರಿಸಿ, ಮಿಕ್ಕವಕ್ಕೆ ಅವನೇ ಸೂಚಿಸಿದ್ದ ಬೇರೊಬ್ಬನನ್ನು ಕೂರಿಸಿಕೊಂಡರು. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರಿಗೆ ದಶಕಗಳ ಕಾಲ ಬೆನ್ನಹಿಂದೆ ಕುಳಿತು ಸಹಗಾಯನ ಮಾಡಿದವಳು ಮಗಳು ಕೃಷ್ಣಾ. ಆಕೆ 2004ರಲ್ಲಿ ತಾಯಿಗಿಂತ ಮೊದಲೇ ಹೋದಳು. ಅದಕ್ಕೆ ಮುಂಚೆ ತಾಯಿಯು ತಾನೂ ಅರ್ಬುದರೋಗದಿಂದ ಪಾರಾಗಿದ್ದರು. ಅಂಥವರು 2006ರಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ, ಮತ್ತೊಮ್ಮೆ ವೇದಿಕೆಯ ಮೇಲೆ ಕುಳಿತು ಹಾಡಿದರು. ಆ ದಿನ ಬೆನ್ನಹಿಂದಿನ ದನಿಯನ್ನು ಅವರು ಎಷ್ಟು ಸಲ ನಿರೀಕ್ಷಿಸಿದರೋ!

ನಮಗೂ ಒಬ್ಬ ಜೊತೆಗಾರರಿದ್ದರು. ರಾಯರೆಂದಷ್ಟೇ ಹೇಳೋಣ. ಅವರು ಗಮಕಿಗಳು, ನಾವು ವ್ಯಾಖ್ಯಾನ ಮಾಡುವವರು. ಅವರು ಕುಮಾರವ್ಯಾಸನ ಪದ್ಯವನ್ನು ಓದಬೇಕು, ನಾವು ಅರ್ಥ ಹೇಳಬೇಕು. ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು. 2019ರಲ್ಲಿ ಒಂದು ಸಂಜೆ ಉದ್ಯೋಗಪರ್ವ. ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿದ್ದಾನೆ; ಕರ್ಣನ ಕೊರಳು ಕಟ್ಟಿದೆ. ಮುಖಾರಿಯಲ್ಲಿ ತಾರಸ್ಥಾಯಿಗೆ ಹೋದ ರಾಯರ ದನಿ ಅಲ್ಲಿಯೇ ಒಡೆಯಿತು. ಮುಂದಿನ ಸಾಲಿನಲ್ಲಿದ್ದ ಹುಡುಗರಿಬ್ಬರು ನಕ್ಕರು. ಸಭೆ ಕೈಬಿಟ್ಟುಹೋದೀತೆಂದು ನಾವು ಪದ್ಯ ಮುಗಿಯುವ ಮೊದಲೇ ಬಾಯಿ ಹಾಕಿ ಕಾಲುಗಂಟೆ ಅರ್ಥ ಹೇಳಿದೆವು. ಮನೆಗೆ ಹೋಗುವಾಗ, "ರಾಯರೇ, ಇನ್ನು ಸಾಕು ಮಾಡೋಣ, ಮರ್ಯಾದೆಯಿರುವಾಗಲೇ ನಿಲ್ಲಿಸುವುದು ಒಳ್ಳೆಯದು" ಎಂದೆವು. ರಾಯರು "ಆಗಲಿ" ಎಂದರು. ಅಷ್ಟೇ. ನಮ್ಮ ಮರ್ಯಾದೆಯೋ ಅವರದೋ ಎಂದು ಅವರು ಕೇಳಲಿಲ್ಲ; ನಾವು ಕೇಳಿಕೊಂಡದ್ದು ಐದಾರು ವರ್ಷಗಳ ಮೇಲೆ, ಪರದೇಶದ ಮುದುಕನೊಬ್ಬನ ಒಡಕು ದನಿಯನ್ನು ಕೇಳಿ. ಕರ್ಣನ ಕೊರಳು ಕಟ್ಟಿದ ಸ್ಥಳದಲ್ಲಿ ಓದುವವನ ದನಿ ಒಡೆದರೆ ಅದಕ್ಕೆ ನಾವು ಅರ್ಥ ಹೇಳಬೇಕಾಗಿದ್ದಿಲ್ಲ.

ಮರುದಿನವೇ ಹೊರಟೆವು. ನಮ್ಮ ಊರಿನ ಹೆಸರನ್ನೇ ಹೊತ್ತ ಮೆಟ್ರೋ ನಿಲ್ದಾಣವು 2023ರಲ್ಲಿ ಆರಂಭವಾದದ್ದು. ಅಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿ, ನ್ಯಾಷನಲ್ ಕಾಲೇಜಿನ ಬಳಿ ಇಳಿದೆವು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಸಂಸ್ಕೃತದಲ್ಲಿ ಹೆಣೆಯುತ್ತಿದ್ದೆವು. ಬಾಗಿಲು ತೆರೆದ ರಾಯರು, "ಮೇಷ್ಟ್ರೇ, ಬನ್ನಿ, ಸ್ವಲ್ಪ ಸೊರಗಿದ್ದೀರಿ" ಎಂದರು. ಹೆಣೆದದ್ದೆಲ್ಲವೂ ಬಿಚ್ಚಿಹೋಯಿತು. "ಅವತ್ತು ನಾನು ಆಡಿದ್ದು ತಪ್ಪು" ಎಂದಷ್ಟೇ ಕನ್ನಡದಲ್ಲಿ ಹೇಳಿದೆವು.

ರಾಯರು ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಶ್ರುತಿಪೆಟ್ಟಿಗೆಯನ್ನು ತಂದಿಟ್ಟರು. ಹಿಂದೆ ಎರಡರ ಶ್ರುತಿಯಲ್ಲಿ ಓದುತ್ತಿದ್ದವರು ಈಗ ಒಂದಕ್ಕೆ ಇಳಿಸಿಕೊಂಡಿದ್ದರು. ಈ ವರ್ಷಗಳಲ್ಲಿ ಒಂದು ದಿನವೂ ಬಿಡದೆ ಓದಿಕೊಳ್ಳುತ್ತಿದ್ದರೆಂದು ಅವರ ಮನೆಯವರು ಹೇಳಿದರು. ಅದೇ ಕರ್ಣನ ಪ್ರಸಂಗವನ್ನು ತೆಗೆದರು. ದನಿ ಮೇಲಕ್ಕೆ ಹೋಗಲಿಲ್ಲ. ಹೋಗಬೇಕಾದ ಸ್ಥಳದಲ್ಲಿ ನಿಂತು, ಪದವನ್ನು ಮೆಲ್ಲನೆ ಕೆಳಗಿಟ್ಟಿತು. ಪದ್ಯ ಮುಗಿದೊಡನೆ ನಾವು ಅಭ್ಯಾಸಬಲದಿಂದ ಬಾಯಿ ತೆರೆದೆವು. ರಾಯರು ಕೈಯೆತ್ತಿ ತಡೆದರು.

"ಸ್ವಲ್ಪ ಹೊತ್ತು ಹಾಗೇ ಇರಲಿ ಮೇಷ್ಟ್ರೇ. ಆಮೇಲೆ ಹೇಳುವಿರಂತೆ."

ಮುಂದಿನ ಶನಿವಾರ ವಿರಾಟಪರ್ವವನ್ನು ಹಿಡಿಯುವುದೆಂದು ನಿಶ್ಚಯವಾಗಿದೆ. ನಮ್ಮ ಮಗನು ತನ್ನ ಯಂತ್ರಗಳನ್ನು ತಂದು ಮುದ್ರಿಸಿಕೊಳ್ಳುವೆನೆನ್ನುತ್ತಾನೆ. ಗಿಟಾರನ್ನು ಮನೆಯಲ್ಲಿ ಬಿಟ್ಟು ಬರತಕ್ಕದ್ದೆಂದು ಹೇಳಿದ್ದೇವೆ.