ತಕ್ಕಡಿಯ ಮುಂದೆ

ನೀಲಗಿರಿಯ ನಮ್ಮ ಸಭೆಗಳಲ್ಲಿ ವಿಶ್ವಾಸ ಮತ್ತು ವ್ಯಾಪಾರದ ಮಾತು ಬಂದಾಗಲೆಲ್ಲ ಬಾಸೆಲ್ ಮಿಶನ್ನಿನ ನೆನಪಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳು 1846ರಲ್ಲಿ ಉದಕಮಂಡಲದ ಸಮೀಪದ ಕೇತಿಯಲ್ಲಿಯೂ ನೆಲೆಯೂರಿದರು. ದೀಕ್ಷಾಸ್ನಾನ ಹೊಂದಿದವರು ಮನೆತನದ ಕಸುಬನ್ನೂ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಮಂಗಳೂರಿನಲ್ಲಿ ಅವರಿಗಾಗಿ ನೇಯ್ಗೆಯ ಕೆಲಸ ಆರಂಭವಾಯಿತು. 1865ರಲ್ಲಿ ಹೆಂಚಿನ ಕಾರ್ಖಾನೆ ಎದ್ದಿತು. ಹೆಂಚಿನ ಮೇಲೆ ಮಿಶನ್ನಿನ ಹೆಸರಿನ ಅಚ್ಚಿರುತ್ತಿತ್ತು. ಹೆಂಚು ಸೋರಿದರೆ ಹೆಸರೂ ಸೋರಿದಂತೆ.

ಈ ಕಥೆಯನ್ನು ನಾವು ಪತಿಪತ್ನಿಯರು ನಮ್ಮಲ್ಲಿಗೆ ಬರುವ ಯೌವನಸ್ಥರಿಗೆ ಅನೇಕ ಸಲ ಹೇಳಿದ್ದೇವೆ. ತಿಂಗಳಿಗೊಮ್ಮೆ, ಭಾನುವಾರದ ಆರಾಧನೆಯ ತರುವಾಯ, ಹೊಸದಾಗಿ ಉದ್ಯಮಕ್ಕಿಳಿದ ಐದಾರು ಮಂದಿ ನಮ್ಮ ಮನೆಯಲ್ಲಿ ಕೂಡುತ್ತಾರೆ. ಒಬ್ಬನು ಚಹಾಪುಡಿಯ ಪೊಟ್ಟಣಗಳನ್ನು ಮಾರುತ್ತಾನೆ; ಒಬ್ಬಳು ವರ್ಕಿ ತಯಾರಿಸುತ್ತಾಳೆ; ಮತ್ತೊಬ್ಬನದು ನೀಲಗಿರಿ ಎಣ್ಣೆಯ ಪುಟ್ಟ ಅಂಗಡಿ.

ಕಳೆದ ಮಳೆಗಾಲದಲ್ಲಿ ಎಣ್ಣೆಯ ಹುಡುಗನು ಕೇಳಿದನು: “ಅಂಕಲ್, ಪಕ್ಕದವರು ಬೆರಕೆ ಎಣ್ಣೆಯನ್ನು ಅರ್ಧ ಬೆಲೆಗೆ ಕೊಡುತ್ತಾರೆ. ಪ್ರವಾಸಿಗರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬ್ಯಾಂಕಿನ ಕಂತಂತೂ ಕಾಯುವುದಿಲ್ಲ. ನಾನೇನು ಮಾಡಲಿ?”

ನಾವು ಜ್ಞಾನೋಕ್ತಿಗಳ ಪುಸ್ತಕ ತೆರೆದು ಮೋಸದ ತಕ್ಕಡಿಯ ಮಾತನ್ನು ತೋರಿಸಿದೆವು.

“ಆ ವಚನ ಗೊತ್ತು, ಅಂಕಲ್. ಕಂತು ಕಟ್ಟುವ ಕಾಲದಲ್ಲಿ ನೀವಿಬ್ಬರೂ ಏನು ಮಾಡಿದಿರಿ?”

ನಾವು ಪರಸ್ಪರ ಮುಖ ನೋಡಿಕೊಂಡೆವು. ಇಪ್ಪತ್ತು ವರ್ಷಗಳ ಹಿಂದೆ ನಾವು ಸಣ್ಣ ಬೆಳೆಗಾರರಿಂದ ಚಹಾದ ಹಸಿರೆಲೆ ಕೊಂಡು ಕಾರ್ಖಾನೆಗೆ ಸಾಗಿಸುತ್ತಿದ್ದೆವು. ಮಳೆಯಲ್ಲಿ ನೆನೆದ ಎಲೆಗೆ ನೀರಿನ ತೂಕ ಕಳೆಯುವುದು ವಾಡಿಕೆ. ಬಿಸಿಲಿನ ದಿನಗಳಲ್ಲಿಯೂ ನಾವು ಮೂಟೆಗೆ ಎರಡು ಕಿಲೋ ಕಳೆಯುತ್ತಿದ್ದೆವು. ಒಬ್ಬ ಮುದುಕಿ ಒಮ್ಮೆ ಆಕಾಶವನ್ನೂ ಒಮ್ಮೆ ತಕ್ಕಡಿಯನ್ನೂ ನೋಡಿ, ಏನೂ ಹೇಳದೆ ಹಣ ಎಣಿಸಿಕೊಂಡು ಹೋಗುತ್ತಿದ್ದಳು. ಹಾಗೆ ಗಳಿಸಿದ್ದರಲ್ಲಿಯೇ ನಾವು ದೇವರಿಗೆ ದಶಮಾಂಶವನ್ನೂ ಕೊಟ್ಟೆವು. ಆ ಮುದುಕಿ ಈಗಿಲ್ಲ. ಈ ಸಾಕ್ಷಿಯನ್ನು ನಾವು ಮೊದಲ ಬಾರಿಗೆ ಹೇಳಿದ್ದು ಆ ಮಕ್ಕಳ ಎದುರಿನಲ್ಲಿ.

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಪ್ರಾಮಾಣಿಕನಾಗಿರು ಎಂದು ಹೇಳುವವರು ಅದರ ನಷ್ಟದಲ್ಲಿಯೂ ಪಾಲು ಹೊರಬೇಕೆಂಬುದು ಅಂದು ನಮಗೆ ಮನದಟ್ಟಾಯಿತು. ನಮ್ಮ ಉಳಿತಾಯದಿಂದ ಅವನ ಮೂರು ಕಂತುಗಳನ್ನು ಬಡ್ಡಿಯಿಲ್ಲದೆ ಕಟ್ಟಿದೆವು. ಅವನು ಶುದ್ಧ ಎಣ್ಣೆಯನ್ನು ಚಿಕ್ಕ ಸೀಸೆಗಳಲ್ಲಿ ತುಂಬಿ, ಮೇಲೆ ತನ್ನ ಹೆಸರನ್ನೂ ಊರನ್ನೂ ಅಚ್ಚು ಹಾಕಿಸಿದನು. ಇಂದಿಗೂ ಅವನ ಮಾರಾಟ ಪಕ್ಕದವರಿಗಿಂತ ಕಡಿಮೆಯೇ. ಆದರೆ ಅಂಗಡಿ ಮುಚ್ಚಿಲ್ಲ.

ಕಾಯಕವನ್ನೇ ಪೂಜೆಯೆಂದು ಬಾಳಿದ ಶರಣರ ನುಡಿಯನ್ನಾಡುವ ನಮಗೆ ಇದು ಹೊಸ ಪಾಠವಲ್ಲ. ಕಲಿತದ್ದು ಮಾತ್ರ ತಡವಾಗಿ. ಹುಡುಗನು ಈಗಾಗಲೇ ಎರಡು ಕಂತುಗಳ ಹಣವನ್ನು ಹಿಂದಿರುಗಿಸಿದ್ದಾನೆ. ಮೂರನೆಯದು ಕೈಸೇರಿದಾಗ ಅದನ್ನು ಆ ಮುದುಕಿಯ ಮೊಮ್ಮಕ್ಕಳಿಗೆ, ಕಾರಣವನ್ನು ಹೇಳಿಯೇ, ಮುಟ್ಟಿಸಬೇಕೆಂದು ನಿಶ್ಚಯಿಸಿದ್ದೇವೆ.