ನಮ್ಮ ವಿ.ವಿ.ಯ ಎಷ್ಟು ಪೇಪರ್‌ಗೆ ಬೀಗ ಬಿದ್ದಿದೆ? ಎಣಿಸೋಣ ಬನ್ನಿ (ಕೋಡ್ ಕಟ್ಟೆ, ಭಾಗ 6)

ಒಂದು ಪ್ರಶ್ನೆ. ಮೊದಲು ಮನಸ್ಸಲ್ಲೇ ಉತ್ತರ ಹೇಳ್ಕೊಳ್ಳಿ. ನಿಮ್ಮ ವಿಶ್ವವಿದ್ಯಾಲಯದ ಮೇಷ್ಟ್ರುಗಳು ಕಳೆದ ಹತ್ತು ವರ್ಷದಲ್ಲಿ ಬರೆದ ಸಂಶೋಧನಾ ಲೇಖನಗಳಲ್ಲಿ, ಯಾವ ಲಾಗಿನ್ನೂ ಇಲ್ಲದ ಒಬ್ಬ ಮನುಷ್ಯ ಎಷ್ಟನ್ನ ಪೂರ್ತಿ ಓದಬಹುದು?

ಅರ್ಧ? ಕಾಲು? ಊಹೆ ಯಾಕೆ, ಕೋಡ್ ಬರೆದು ಎಣಿಸಬಹುದು. ಈ ರಜೆಯಲ್ಲಿ ನಾನು ಮಾಡಿದ್ದು ಅದೇ.

ಈ ಹುಚ್ಚು ಹಿಡಿಸಿದ್ದು ನನ್ನ ಚಿಕ್ಕಪ್ಪನ ಮಗ. ಬಿಎಸ್ಸಿ ಅಗ್ರಿ ಮುಗಿಸಿ ಮಲೆನಾಡಿನ ತೋಟಕ್ಕೆ ವಾಪಸ್ ಹೋದವನು. ಅಡಿಕೆ ಎಲೆಚುಕ್ಕಿ ರೋಗದ ಬಗ್ಗೆ ಒಂದು ಪೇಪರ್ ಹುಡುಕಿದ. ಬರೆದವರು ನಮ್ಮವರೇ, ಖರ್ಚು ಸರ್ಕಾರದ ದುಡ್ಡು. ಅವನಿಗೆ ಸಿಕ್ಕಿದ್ದು ಸಾರಾಂಶ ಮಾತ್ರ, ಕೆಳಗೆ ಡಾಲರ್‌ನಲ್ಲಿ ಬೆಲೆ. ರೋಗ ಇರೋದು ಅವನ ತೋಟದಲ್ಲಿ, ಪೇಪರ್ ಇರೋದು ಬೀಗದೊಳಗೆ.

ಈಗ ಕೆಲಸಕ್ಕೆ ಬರೋಣ. ಓಪನ್‌ಅಲೆಕ್ಸ್ ಅಂತ ಒಂದು ಮುಕ್ತ ದತ್ತಾಂಶ ಭಂಡಾರ ಇದೆ. 2022ರಲ್ಲಿ ಶುರುವಾದದ್ದು, ಹೆಸರು ಅಲೆಕ್ಸಾಂಡ್ರಿಯಾದ ಪುರಾತನ ಗ್ರಂಥಾಲಯದಿಂದ ಬಂದದ್ದು. ಪ್ರತಿ ಸಂಸ್ಥೆಗೂ ಆರ್‌ಒಆರ್ ಅನ್ನೋ ಗುರುತಿನ ಸಂಖ್ಯೆ ಇರುತ್ತೆ. ಅದನ್ನ ಎಪಿಐಗೆ ಕೊಟ್ಟು ಕೇಳಿ: ಈ ಸಂಸ್ಥೆ, ಈ ವರ್ಷ, ಜರ್ನಲ್ ಲೇಖನ ಮಾತ್ರ, ಓಪನ್ ಸ್ಥಿತಿಯ ಪ್ರಕಾರ ಗುಂಪು ಮಾಡು. ವರ್ಷ ಬದಲಿಸ್ತಾ ಲೂಪ್ ಓಡಿಸಿ. ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಸಾಕು.

ಬರುವ ಬಣ್ಣಗಳು ಇವು:
ಗೋಲ್ಡ್: ಇಡೀ ಜರ್ನಲ್ಲೇ ಮುಕ್ತ. ಹಲವು ಕಡೆ ಬರೆದವರೇ ಶುಲ್ಕ ಕಟ್ಟಬೇಕು.
ಡೈಮಂಡ್: ಓದುವವರೂ ಕಟ್ಟಲ್ಲ, ಬರೆದವರೂ ಕಟ್ಟಲ್ಲ.
ಹೈಬ್ರಿಡ್: ಚಂದಾ ಜರ್ನಲ್‌ನಲ್ಲಿ ಆ ಒಂದು ಲೇಖನ ಮಾತ್ರ ಮುಕ್ತ.
ಗ್ರೀನ್: ಜರ್ನಲ್‌ನಲ್ಲಿ ಬೀಗ, ಆದ್ರೆ ಲೇಖಕರು ಒಂದು ಪ್ರತಿಯನ್ನ ಮುಕ್ತ ಭಂಡಾರದಲ್ಲಿ ಇಟ್ಟಿದ್ದಾರೆ.
ಬ್ರಾಂಜ್: ಪ್ರಕಾಶಕರ ಪುಟದಲ್ಲಿ ಸದ್ಯಕ್ಕೆ ಓದಬಹುದು. ಲೈಸೆನ್ಸ್ ಇಲ್ಲ, ನಾಳೆ ಮುಚ್ಚಿದ್ರೂ ಕೇಳೋ ಹಾಗಿಲ್ಲ.
ಕ್ಲೋಸ್ಡ್: ಹೇಳೋದೇ ಬೇಡ.

ಚಾರ್ಟ್ ಬಂತು ಅಂತ ಕುಣಿಯೋ ಮುಂಚೆ ನಾಲ್ಕು ವಿಷಯ ನೋಡಿ.

ಒಂದು, ಸಂಖ್ಯೆ ಬೇರೆ, ಪಾಲು ಬೇರೆ. ಉದಾಹರಣೆಗೆ 200 ಲೇಖನಗಳಲ್ಲಿ 50 ಮುಕ್ತ, ಆಮೇಲೆ 400ರಲ್ಲಿ 80 ಮುಕ್ತ ಅಂದ್ಕೊಳ್ಳಿ. ಸಂಖ್ಯೆ ಏರಿತು, ಪಾಲು ಶೇ. 25ರಿಂದ 20ಕ್ಕೆ ಇಳೀತು.

ಎರಡು, ಕೊನೆಯ ವರ್ಷ ಗ್ರೀನ್ ಕುಸಿದಂತೆ ಕಾಣಬಹುದು. ಗಾಬರಿ ಬೇಡ. ಹಲವು ಪ್ರಕಾಶಕರು ಇಷ್ಟು ತಿಂಗಳಾದ ಮೇಲೇ ಪ್ರತಿ ಹಂಚಿ ಅಂತ ತಡೆ ಹಾಕ್ತಾರೆ. ಭಂಡಾರ ತೋರಿಸೋದು ಇವತ್ತಿನ ಸ್ಥಿತಿ, ಪ್ರಕಟವಾದ ದಿನದ್ದಲ್ಲ. ಅದಕ್ಕೇ ಡೇಟಾ ಇಳಿಸಿದ ದಿನಾಂಕವನ್ನ ಚಾರ್ಟ್ ಮೇಲೇ ಬರೀರಿ.

ಮೂರು, ವಿ.ವಿ. ಹೆಸರನ್ನ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ಸಂಯೋಜಿತ ಕಾಲೇಜಿನ ಲೇಖನ ಒಳಗೆ ಬಂದಿರಬಹುದು, ನಿಮ್ಮದೇ ವಿಭಾಗದ್ದು ಹೊರಗೆ ಉಳಿದಿರಬಹುದು. ಐವತ್ತು ಲೇಖನ ತೆಗೆದು ಕೈಯಾರೆ ಪರೀಕ್ಷಿಸಿ.

ನಾಲ್ಕು, ಡಿಒಐ ಇಲ್ಲದ ಕನ್ನಡ ಜರ್ನಲ್‌ಗಳ ಎಷ್ಟೋ ಬರಹ ಈ ಎಣಿಕೆಗೆ ಸಿಗೋದೇ ಇಲ್ಲ. ಕನ್ನಡ ವಿಭಾಗದ ಸಾಲು ಖಾಲಿ ಕಂಡ್ರೆ, ಅಲ್ಲಿ ಕೆಲಸ ಆಗಿಲ್ಲ ಅಂತ ಅರ್ಥ ಅಲ್ಲ.

‘ಈಗ ಒಂದು ರಾಷ್ಟ್ರ ಒಂದು ಚಂದಾ ಬಂದಿದೆಯಲ್ಲ?’ ಅಂತೀರಾ. ಹೌದು. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್. ಸರ್ಕಾರಿ ಸಂಸ್ಥೆಯಲ್ಲಿ ಓದೋ ನಮಗೆ ಒಳ್ಳೇದೇ. ಆದ್ರೆ ಅದು ನಮಗೆ ಕೊಟ್ಟ ಕೀಲಿ, ಬೀಗ ಹಾಗೇ ಇದೆ. ಚಾರ್ಟ್‌ನಲ್ಲಿ ಕ್ಲೋಸ್ಡ್ ಕ್ಲೋಸ್ಡ್ ಆಗೇ ಉಳಿಯುತ್ತೆ. ಡಿಗ್ರಿ ಮುಗಿದ ದಿನ ಕೀಲಿ ವಾಪಸ್ ಕೊಡಬೇಕು.

ಹಾಗಂತ ಎಲ್ಲಾ ಗೋಲ್ಡ್ ಆಗಲಿ ಅನ್ನೋಕೂ ಧೈರ್ಯ ಬರಲ್ಲ. ನೇಚರ್ ಪತ್ರಿಕೆ 2021ರಲ್ಲಿ ಒಂದು ಲೇಖನ ಮುಕ್ತ ಮಾಡೋಕೆ ನಿಗದಿ ಮಾಡಿದ್ದು 9,500 ಯೂರೋ. ಯಾವ ಜಿಲ್ಲೆಯ ವಿ.ವಿ. ಕಟ್ಟುತ್ತೆ ಹೇಳಿ?

ನನ್ನ ಕಣ್ಣು ನಿಂತದ್ದು ಗ್ರೀನ್ ಪಟ್ಟಿ ಮೇಲೆ. ನಮ್ಮಲ್ಲಿ ಅದು ದಾರದಷ್ಟು ಸಣ್ಣ. ಆದ್ರೆ ಅದಕ್ಕೆ ಲೇಖಕರು ಶುಲ್ಕ ಕಟ್ಟಬೇಕಿಲ್ಲ. ಬೆಂಗಳೂರಿನ ಐಐಎಸ್ಸಿ 2002ರಲ್ಲೇ ಇ-ಪ್ರಿಂಟ್ಸ್ ಭಂಡಾರ ತೆರೀತು. ತಮ್ಮ ಅನುದಾನದಿಂದ ಬಂದ ಲೇಖನಗಳ ಅಂಗೀಕೃತ ಪ್ರತಿಯನ್ನ ಭಂಡಾರದಲ್ಲಿ ಇಡಬೇಕು ಅಂತ ಕೇಂದ್ರದ ಡಿಬಿಟಿ, ಡಿಎಸ್‌ಟಿ ಇಲಾಖೆಗಳು 2014ರಲ್ಲೇ ನೀತಿ ಮಾಡಿವೆ. ದಾರಿ ಇದೆ, ನಡೆಯೋರು ಕಡಿಮೆ.

ಅದಕ್ಕೇ ಚಾರ್ಟ್ ಜೊತೆ ಇನ್ನೊಂದು ಪಟ್ಟಿ ಮಾಡಿದೆ: ನಮ್ಮ ವಿಭಾಗದ ಯಾವ ಯಾವ ಕ್ಲೋಸ್ಡ್ ಲೇಖನಗಳ ಪ್ರತಿ ಇಡೋಕೆ ಪ್ರಕಾಶಕರ ಒಪ್ಪಿಗೆ ಇದೆ ಅಂತ. ಅದನ್ನ ಮೇಡಂ ಕೈಗೆ ಕೊಟ್ಟೆ. ‘ನೀವು ಮುಚ್ಚಿಟ್ಟಿದ್ದೀರಿ’ ಅಂತ ಹೇಳಿದ್ರೆ ಯಾರಿಗಾದ್ರೂ ಬೇಜಾರಾಗುತ್ತೆ. ‘ಇಷ್ಟನ್ನ ಈ ವಾರವೇ ತೆರೀಬಹುದು ಮೇಡಂ’ ಅಂದ್ರೆ ಮಾತು ಮುಂದುವರಿಯುತ್ತೆ. ಮುಂದುವರಿದಿದೆ ಕೂಡ.

ನಿಮ್ಮ ವಿ.ವಿ.ದು ಎಣಿಸಿ ಟ್ಯಾಗ್ ಮಾಡಿ. ಕೋಡ್ ಬೇಕಾದ್ರೆ ‘ಬೀಗ’ ಅಂತ ಕಾಮೆಂಟ್ ಹಾಕಿ, ಕಳಿಸ್ತೀನಿ. ಭಾಗ 7ರಲ್ಲಿ ಸಂಸ್ಥೆ ಹೆಸರಿನ ಗೋಜಲು ಬಿಡಿಸೋಣ.

#ಕೋಡ್‌ಕಟ್ಟೆ #ಕನ್ನಡದಲ್ಲಿಪೈಥಾನ್ #ಮುಕ್ತಜ್ಞಾನ